ಕಂದಾಯದ ಚೀಟಿ ಮತ್ತು ಮತಚೀಟಿ: 1907ರ ಲಂಡನ್ ಕೌಂಟಿ ಕೌನ್ಸಿಲ್ ಚುನಾವಣೆ

1907ರ ಮಾರ್ಚ್ 2, ಶನಿವಾರ. ಲಂಡನ್ ಮಹಾನಗರದ ಆಡಳಿತ ಮಂಡಳಿಯಾದ ಲಂಡನ್ ಕೌಂಟಿ ಕೌನ್ಸಿಲ್‌ಗೆ ಅಂದು ಚುನಾವಣೆ ನಡೆಯಿತು. ಒಟ್ಟು 118 ಸ್ಥಾನಗಳಲ್ಲಿ ಮುನಿಸಿಪಲ್ ರಿಫಾರ್ಮ್ ಪಕ್ಷಕ್ಕೆ 79, ಪ್ರೊಗ್ರೆಸ್ಸಿವ್ ಪಕ್ಷಕ್ಕೆ 38 ದೊರೆತವು; ಒಂದು ಸ್ಥಾನ ಈ ಎರಡೂ ಪಕ್ಷಗಳ ಹೊರಗೆ ಉಳಿಯಿತು. ಹದಿನೆಂಟು ವರ್ಷ ಪ್ರೊಗ್ರೆಸ್ಸಿವ್‌ ಪಕ್ಷದವರ ಹಿಡಿತದಲ್ಲಿದ್ದ ನಗರ ಒಂದೇ ದಿನದಲ್ಲಿ ಅವರ ಕೈತಪ್ಪಿತು. ಅದಕ್ಕೆ ಹದಿಮೂರು ತಿಂಗಳ ಹಿಂದೆಯಷ್ಟೇ, 1906ರ ಜನವರಿಯಲ್ಲಿ, ಪ್ರೊಗ್ರೆಸ್ಸಿವ್‌ ಪಕ್ಷಕ್ಕೆ ಬಂಧುವಿನಂತಿದ್ದ ಲಿಬರಲ್ ಪಕ್ಷ ಸಂಸತ್ತಿನ ಚುನಾವಣೆಯಲ್ಲಿ ಭಾರಿ ಜಯ ಗಳಿಸಿತ್ತು. ದೇಶವನ್ನು ಆಳಲು ಲಿಬರಲ್ಲರನ್ನು ಆರಿಸಿದ ಕಾಲದಲ್ಲೇ ಜನ ನಗರವನ್ನು ಆಳಲು ಅವರ ಮಿತ್ರರು ಬೇಡವೆಂದರು. ನಗರಾಡಳಿತದ ಇತಿಹಾಸವನ್ನು ಅಭ್ಯಾಸ ಮಾಡುವವರು ಈ ಚುನಾವಣೆಗೆ ಮತ್ತೆ ಮತ್ತೆ ಮರಳುವುದು ಈ ಕಾರಣದಿಂದ. ನಗರದ ಸೌಕರ್ಯಕ್ಕೆ ಯಾರು ಹಣ ಕೊಡಬೇಕು, ಎಷ್ಟು ಕೊಡಬೇಕು, ಕೊಟ್ಟ ಹಣದ ಲೆಕ್ಕ ಕೊಟ್ಟವನಿಗೆ ಹೇಗೆ ಕಾಣಬೇಕು ಎಂಬ ಮೂರು ಪ್ರಶ್ನೆಗಳು ಅಂದು ಒಟ್ಟಿಗೆ ಮತಗಟ್ಟೆಗೆ ಬಂದಿದ್ದವು.

ಸಂಸ್ಥೆಯ ಹುಟ್ಟು ಮತ್ತು ಸ್ವರೂಪ

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಲಂಡನ್ನಿಗೆ ಒಂದೇ ಆಡಳಿತ ಎಂಬುದು ಇರಲಿಲ್ಲ. ನಗರದ ನಡುವಿನ ಒಂದು ಚದರ ಮೈಲಿಯಷ್ಟು ಜಾಗದಲ್ಲಿ ಪುರಾತನವಾದ ಸಿಟಿ ಕಾರ್ಪೊರೇಷನ್ ಇತ್ತು. ಅದರ ಸುತ್ತ ಬೆಳೆದ ಊರು ಪ್ಯಾರಿಷ್ ಎಂಬ ಹಲವು ಸ್ಥಳೀಯ ವಿಭಾಗಗಳಲ್ಲಿ ಹಂಚಿಹೋಗಿತ್ತು. 1855ರಲ್ಲಿ ರಚನೆಯಾದ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ಒಳಚರಂಡಿ, ಥೇಮ್ಸ್ ದಂಡೆ, ರಸ್ತೆಗಳಂಥ ದೊಡ್ಡ ಕೆಲಸಗಳನ್ನು ಮಾಡಿತು. ಇಂದಿಗೂ ನೆನೆಯುವ ಒಳಚರಂಡಿ ಜಾಲ ಅದರ ಎಂಜಿನಿಯರ್ ಜೋಸೆಫ್ ಬಜಲ್‌ಗೆಟ್‌ ಅವರ ಸಾಧನೆ. ಆದರೆ ಆ ಮಂಡಳಿಯನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ; ಕೊನೆಯ ವರ್ಷಗಳಲ್ಲಿ ಅದು ಭ್ರಷ್ಟಾಚಾರದ ಆರೋಪಕ್ಕೂ ಗುರಿಯಾಯಿತು. 1888ರ ಸ್ಥಳೀಯ ಆಡಳಿತ ಕಾಯಿದೆ ಅದರ ಜಾಗದಲ್ಲಿ ಜನರೇ ಆರಿಸುವ ಕೌಂಟಿ ಕೌನ್ಸಿಲನ್ನು ತಂದಿತು. 1889ರಲ್ಲಿ ಮೊದಲ ಚುನಾವಣೆ ನಡೆಯಿತು. ಲಾರ್ಡ್ ರೋಸ್‌ಬರಿ ಮೊದಲ ಅಧ್ಯಕ್ಷರಾದರು.

ಚುನಾವಣೆಯ ವಿಧಾನವನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ಫಲಿತಾಂಶದ ಅರ್ಥ ಅದರೊಳಗೇ ಅಡಗಿದೆ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲಿವರ್‌ಪೂಲ್‌ನಂಥ ನಗರಗಳಲ್ಲಿ ಪ್ರತಿ ವರ್ಷ ನವೆಂಬರ್ 1ರಂದು ಮೂರನೇ ಒಂದು ಭಾಗ ಸದಸ್ಯರನ್ನು ಆರಿಸಲಾಗುತ್ತಿತ್ತು. ಜನರ ಮನಸ್ಸು ಬದಲಾದರೂ ಸಭೆಯ ಬಹುಮತ ಬದಲಾಗಲು ಎರಡು ಮೂರು ವರ್ಷ ಹಿಡಿಯುತ್ತಿತ್ತು. ಲಂಡನ್ನಿನಲ್ಲಿ ಹಾಗಲ್ಲ. ಮೂರು ವರ್ಷಕ್ಕೊಮ್ಮೆ ಎಲ್ಲ 118 ಸದಸ್ಯರೂ ಒಟ್ಟಿಗೆ ಜನರ ಮುಂದೆ ನಿಲ್ಲಬೇಕಿತ್ತು. ಸಂಸತ್ತಿನ ಕ್ಷೇತ್ರಗಳೇ ಕೌನ್ಸಿಲ್‌ನ ಕ್ಷೇತ್ರಗಳು. ಪ್ರತಿ ಕ್ಷೇತ್ರಕ್ಕೆ ಇಬ್ಬರು ಸದಸ್ಯರು, ಸಿಟಿ ಭಾಗಕ್ಕೆ ಮಾತ್ರ ನಾಲ್ವರು. ಹೀಗೆ ಆರಿಸಿಬಂದವರು ಆಲ್ಡರ್‌ಮನ್ ಎಂಬ 19 ಮಂದಿ ಹಿರಿಯ ಸದಸ್ಯರನ್ನು ತಾವೇ ಆರಿಸುತ್ತಿದ್ದರು. ಇಡೀ ಸಭೆ ಒಟ್ಟಿಗೆ ಚುನಾವಣೆಗೆ ಹೋಗುತ್ತಿದ್ದುದರಿಂದ ಗಾಳಿ ತಿರುಗಿದರೆ ಆಡಳಿತವೂ ಒಂದೇ ಏಟಿಗೆ ತಿರುಗುತ್ತಿತ್ತು. 1907ರಲ್ಲಿ ಆದದ್ದು ಅದೇ.

ಮತದ ಹಕ್ಕು ಮುಖ್ಯವಾಗಿ ಮನೆ ಕಂದಾಯಕ್ಕೆ ಒಳಪಟ್ಟ ನಿವಾಸಿಗಳದು. ಮದುವೆಯಾಗದ ಮಹಿಳೆಯರೂ ವಿಧವೆಯರೂ ಸ್ವಂತ ಹೆಸರಿನಲ್ಲಿ ಮನೆ ಹಿಡಿದು ಕಂದಾಯ ಕಟ್ಟುತ್ತಿದ್ದರೆ ಮತ ಹಾಕಬಹುದಿತ್ತು. ಸಂಸತ್ತಿಗೆ ಮತ ಹಾಕಲಾಗದ ಮಹಿಳೆ ನಗರಸಭೆಗೆ ಮತ ಹಾಕುತ್ತಿದ್ದಳು. ಆದರೆ ಸದಸ್ಯೆಯಾಗಿ ಕೂರುವ ಹಕ್ಕು ಅವಳಿಗಿರಲಿಲ್ಲ. 1889ರಲ್ಲಿ ಲೇಡಿ ಸ್ಯಾಂಡ್‌ಹರ್ಸ್ಟ್ ಮತ್ತು ಜೇನ್ ಕಾಬ್ಡನ್ ಗೆದ್ದು ಬಂದಿದ್ದರು. ಲೇಡಿ ಸ್ಯಾಂಡ್‌ಹರ್ಸ್ಟ್ ಅವರ ಆಯ್ಕೆಯನ್ನು ನ್ಯಾಯಾಲಯ ಅನೂರ್ಜಿತಗೊಳಿಸಿತು. ಮಹಿಳೆಯರಿಗೆ ಕೌಂಟಿ ಮತ್ತು ಬರೋ (ಪಟ್ಟಣ) ಕೌನ್ಸಿಲ್‌ಗಳ ಬಾಗಿಲು ತೆರೆದ ಕಾಯಿದೆ ಬಂದದ್ದು 1907ರಲ್ಲೇ, ಆದರೆ ಈ ಚುನಾವಣೆ ಮುಗಿದ ಮೇಲೆ. ಹೀಗಾಗಿ 1907ರ ಮಾರ್ಚ್ ಚುನಾವಣೆ ಮಹಿಳೆಯರು ಮತ ಹಾಕಬಹುದಾಗಿದ್ದರೂ ಗೆದ್ದು ಕೂರಲಾಗದಿದ್ದ ಕೊನೆಯ ಕೌನ್ಸಿಲ್ ಚುನಾವಣೆ.

ಹದಿನೆಂಟು ವರ್ಷಗಳ ಕೆಲಸ

ಪ್ರೊಗ್ರೆಸ್ಸಿವ್‌ ಎಂಬುದು ಒಂದೇ ಬಣ್ಣದ ಪಕ್ಷವಲ್ಲ. ಲಿಬರಲ್ಲರು, ಫೇಬಿಯನ್ ಸಮಾಜವಾದಿಗಳು, ಕಾರ್ಮಿಕ ಸಂಘಗಳ ನಾಯಕರು ಅದರಲ್ಲಿ ಒಟ್ಟುಗೂಡಿದ್ದರು. ಬ್ಯಾಟರ್‌ಸೀಯಿಂದ ಆರಿಸಿಬಂದ ಕಾರ್ಮಿಕ ನಾಯಕ ಜಾನ್ ಬರ್ನ್ಸ್, 1892ರಲ್ಲಿ ಡೆಟ್‌ಫರ್ಡ್‌ನಿಂದ ಗೆದ್ದ ಸಿಡ್ನಿ ವೆಬ್ ಇಬ್ಬರೂ ಈ ಸಾಲಿನವರು. ಕೌನ್ಸಿಲ್‌ಗೆ ಇದ್ದ ಅಧಿಕಾರ ಕಡಿಮೆ. ಪೊಲೀಸ್ ವ್ಯವಸ್ಥೆ ಕೇಂದ್ರ ಸರ್ಕಾರದ ಗೃಹ ಇಲಾಖೆಯ ಕೈಯಲ್ಲಿತ್ತು. ಅನಿಲ ಪೂರೈಕೆ ಖಾಸಗಿ ಕಂಪನಿಗಳದು. ನೀರು ಪೂರೈಸುತ್ತಿದ್ದ ಎಂಟು ಕಂಪನಿಗಳನ್ನು ಸಂಸತ್ತು 1902ರ ಕಾಯಿದೆಯಿಂದ ವಶಕ್ಕೆ ಪಡೆಯಿತು. ಆದರೆ ಅವನ್ನು ಕೌನ್ಸಿಲ್‌ಗೆ ಕೊಡದೆ ಪ್ರತ್ಯೇಕ ಜಲಮಂಡಳಿಗೆ ವಹಿಸಿತು. ಗ್ಲಾಸ್ಗೊ ನಗರಸಭೆ 1859ರಿಂದ ಲಾಕ್ ಕ್ಯಾಟ್ರಿನ್ ಸರೋವರದ ನೀರನ್ನು ಮನೆಮನೆಗೆ ತಂದಿತ್ತು. 1894ರಿಂದ ಟ್ರಾಮ್‌ಗಳನ್ನು ತಾನೇ ನಡೆಸುತ್ತಿತ್ತು. ಬರ್ಮಿಂಗ್‌ಹ್ಯಾಮ್‌ನಲ್ಲಿ 1873ರಿಂದ 1876ರವರೆಗೆ ಮೇಯರ್ ಆಗಿದ್ದ ಜೋಸೆಫ್ ಚೇಂಬರ್ಲಿನ್ ಅನಿಲ ಮತ್ತು ನೀರು ಎರಡನ್ನೂ ನಗರದ ಸ್ವತ್ತಾಗಿಸಿದ್ದರು. ಈ ನಗರಗಳಿಗೆ ಸಿಕ್ಕ ಅಧಿಕಾರ ಲಂಡನ್ನಿಗೆ ಸಿಗಲಿಲ್ಲ.

ಸಿಕ್ಕಷ್ಟರಲ್ಲೇ ಪ್ರೊಗ್ರೆಸ್ಸಿವ್‌ ಆಡಳಿತ ಮಾಡಿದ ಕೆಲಸ ಸಣ್ಣದಲ್ಲ. 1897ರಲ್ಲಿ ಬ್ಲಾಕ್‌ವಾಲ್ ಸುರಂಗ, 1902ರಲ್ಲಿ ಗ್ರೀನಿಚ್‌ನ ಕಾಲ್ನಡಿಗೆ ಸುರಂಗ ಥೇಮ್ಸ್ ನದಿಯ ಅಡಿಯಲ್ಲಿ ತೆರೆದವು. ಬೆಥ್ನಲ್ ಗ್ರೀನ್‌ನ ಕೊಳೆಗೇರಿಯನ್ನು ತೆಗೆದು ಕಟ್ಟಿದ ಬೌಂಡರಿ ಸ್ಟ್ರೀಟ್ ವಸತಿ 1900ರಲ್ಲಿ ಉದ್ಘಾಟನೆಯಾಯಿತು. 1899ರಲ್ಲಿ ದಕ್ಷಿಣ ಲಂಡನ್ನಿನ ಟ್ರಾಮ್ ಮಾರ್ಗಗಳು ಕೌನ್ಸಿಲ್ ವಶಕ್ಕೆ ಬಂದವು. 1903ರ ಮೇ ತಿಂಗಳಲ್ಲಿ ಟೂಟಿಂಗ್‌ವರೆಗಿನ ಮಾರ್ಗದಲ್ಲಿ ವಿದ್ಯುತ್ ಟ್ರಾಮ್ ಓಡಿತು. ಬೆಳಗಿನ ಜಾವ ಕೆಲಸಕ್ಕೆ ಹೋಗುವವರಿಗೆ ಅಗ್ಗದ ಟಿಕೆಟ್ ಇತ್ತು. 1905ರಲ್ಲಿ ಹೋಬರ್ನ್‌ನಿಂದ ಸ್ಟ್ರಾಂಡ್‌ವರೆಗೆ ಕಿಂಗ್ಸ್‌ವೇ ಎಂಬ ಅಗಲವಾದ ರಸ್ತೆ ತೆರೆಯಿತು. ಕೌನ್ಸಿಲ್ ತನ್ನ ಗುತ್ತಿಗೆದಾರರು ಕೂಲಿಗಾರರಿಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಷರತ್ತು ಹಾಕಿತು. ಕೆಲವು ಕೆಲಸಗಳನ್ನು ಗುತ್ತಿಗೆಗೆ ಕೊಡದೆ ಸ್ವಂತ ಕಾಮಗಾರಿ ಇಲಾಖೆಯಿಂದಲೇ ಮಾಡಿಸಿತು. ಎಲ್ಲಕ್ಕಿಂತ ದೊಡ್ಡ ಹೊಣೆ 1904ರ ಮೇ 1ರಂದು ಹೆಗಲೇರಿತು. ಅಂದಿನಿಂದ ಹಳೆಯ ಸ್ಕೂಲ್ ಬೋರ್ಡ್ ರದ್ದಾಗಿ ಮಹಾನಗರದ ಸಾರ್ವಜನಿಕ ಶಾಲೆಗಳೆಲ್ಲ ಕೌನ್ಸಿಲ್‌ಗೆ ಸೇರಿದವು.

ಈ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕು. 1905ರ ಜೂನ್ 17ರಂದು ಕೌನ್ಸಿಲ್ ಥೇಮ್ಸ್ ನದಿಯಲ್ಲಿ 30 ಉಗಿದೋಣಿಗಳ ಸಂಚಾರ ಆರಂಭಿಸಿತು. ನದಿಯೂ ಬೀದಿಯಂತೆ ಸಾರ್ವಜನಿಕ ದಾರಿಯಾಗಬೇಕೆಂಬುದು ಅದರ ಹಿಂದಿನ ಸುಂದರ ಕಲ್ಪನೆ. ಆದರೆ ಚಳಿಗಾಲದಲ್ಲಿ, ಮಂಜಿನಲ್ಲಿ, ಮಳೆಯಲ್ಲಿ ದೋಣಿ ಹತ್ತುವವರು ಬಹಳ ಕಡಿಮೆ. ರೈಲು, ಬಸ್ಸು, ಟ್ರಾಮ್‌ಗಳ ವೇಗಕ್ಕೆ ದೋಣಿ ಸಾಟಿಯಾಗಲಿಲ್ಲ. ಸೇವೆ ಮೊದಲಿನಿಂದಲೇ ನಷ್ಟ ತಂದಿತು. ಕೌನ್ಸಿಲ್‌ನ ಒಟ್ಟು ವೆಚ್ಚದ ಮುಂದೆ ಆ ನಷ್ಟ ಚಿಕ್ಕದು. ಆದರೆ ಶಾಲೆಯ ವೆಚ್ಚವಾಗಲಿ ಚರಂಡಿಯ ವೆಚ್ಚವಾಗಲಿ ಕಣ್ಣಿಗೆ ಬೀಳುವುದಿಲ್ಲ. ಖಾಲಿ ದೋಣಿ ಮಾತ್ರ ಪ್ರತಿ ಸೇತುವೆಯ ಮೇಲಿಂದಲೂ ಕಾಣುತ್ತದೆ.

ಕಂದಾಯದ ಕಟ್ಟಡ

1907ರ ಜಗಳದ ಬೇರು ಕಂದಾಯದ ವ್ಯವಸ್ಥೆಯಲ್ಲಿದೆ. ಬ್ರಿಟನ್ನಿನ ಸ್ಥಳೀಯ ಸಂಸ್ಥೆಗಳಿಗೆ ಆದಾಯ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. ಅವು ಹಾಕಬಹುದಾಗಿದ್ದ ತೆರಿಗೆ ‘ರೇಟ್ಸ್’ ಎಂಬ ಮನೆ ಕಂದಾಯ ಒಂದೇ. ಒಂದು ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದೆಂದು ಅಂದಾಜು ಮಾಡಿ, ಅದರ ಪ್ರತಿ ಪೌಂಡಿಗೆ ಇಷ್ಟು ಶಿಲ್ಲಿಂಗ್, ಇಷ್ಟು ಪೆನ್ಸ್ ಎಂದು ವಿಧಿಸುತ್ತಿದ್ದರು. ಕಟ್ಟಬೇಕಾದವನು ಮನೆಯಲ್ಲಿ ವಾಸಿಸುವವನು, ಜಮೀನಿನ ಒಡೆಯನಲ್ಲ. ಹೊಸ ರಸ್ತೆ ಬಂದು, ಟ್ರಾಮ್ ಬಂದು ಜಮೀನಿನ ಬೆಲೆ ಏರಿದರೆ ಲಾಭ ಒಡೆಯನದು. ರಸ್ತೆಯ ಖರ್ಚು ಬಾಡಿಗೆದಾರನದು. ಈ ಅನ್ಯಾಯ ಪ್ರೊಗ್ರೆಸ್ಸಿವರಿಗೆ ಗೊತ್ತಿತ್ತು. ಸಾರ್ವಜನಿಕ ಕೆಲಸದಿಂದ ಬೆಲೆ ಏರಿದ ಆಸ್ತಿಯಿಂದ ಒಂದು ಪಾಲು ವಸೂಲು ಮಾಡಬೇಕು, ಜಮೀನಿನ ಮೌಲ್ಯದ ಮೇಲೇ ತೆರಿಗೆ ಹಾಕಬೇಕು ಎಂದು ಅವರು ವರ್ಷಗಟ್ಟಲೆ ವಾದಿಸಿದರು. ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿತ್ತು. ಭೂಮಾಲೀಕರೇ ತುಂಬಿದ್ದ ಲಾರ್ಡ್ಸ್ ಸಭೆಯನ್ನು ದಾಟಿ ಅಂಥ ಮಸೂದೆ ಬರುವುದು ಸುಲಭವಿರಲಿಲ್ಲ.

ಎರಡನೆಯ ತೊಡಕು ಕಂದಾಯದ ಚೀಟಿಯ ಸ್ವರೂಪ. ನಿವಾಸಿಗೆ ಬರುತ್ತಿದ್ದ ಬೇಡಿಕೆ ಚೀಟಿ ಒಂದೇ. ಅದನ್ನು ಮಹಾನಗರದ ಆಯಾ ವಿಭಾಗದ ಸ್ಥಳೀಯ ಸಭೆಯಾದ ಬರೋ ಕೌನ್ಸಿಲ್ ಕಳುಹಿಸುತ್ತಿತ್ತು. ಆ ಒಂದು ಮೊತ್ತದೊಳಗೆ ಬರೋದ ಪಾಲು, ಕೌಂಟಿ ಕೌನ್ಸಿಲ್‌ನ ಪಾಲು, ಪೊಲೀಸರ ಪಾಲು, ಬಡವರ ಪೋಷಣೆ ನೋಡಿಕೊಳ್ಳುವ ಗಾರ್ಡಿಯನ್ಸ್ ಮಂಡಳಿಯ ಪಾಲು ಎಲ್ಲ ಬೆರೆತಿದ್ದವು. 1906ರಲ್ಲಿ ಪೋಪ್ಲರ್‌ನ ಗಾರ್ಡಿಯನ್ಸ್ ಮಂಡಳಿಯ ವೆಚ್ಚದ ಬಗ್ಗೆ ಸರ್ಕಾರಿ ವಿಚಾರಣೆ ನಡೆದಾಗ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಆ ಮಂಡಳಿಗೂ ಕೌಂಟಿ ಕೌನ್ಸಿಲ್‌ಗೂ ಸಂಬಂಧವಿರಲಿಲ್ಲ. ಕಂದಾಯ ಕಟ್ಟುವವನ ದೃಷ್ಟಿಯಲ್ಲಿ ಮಾತ್ರ ಎಲ್ಲವೂ ಒಂದೇ ಚೀಟಿಯ ಲೆಕ್ಕ. ಶಾಲೆಗಳ ವೆಚ್ಚದ ವಿಷಯವೂ ಹೀಗೆಯೇ. 1904ರವರೆಗೆ ಸ್ಕೂಲ್ ಬೋರ್ಡ್ ಹೆಸರಿನಲ್ಲಿ ವಸೂಲಾಗುತ್ತಿದ್ದ ಹಣ ಆಮೇಲೆ ಕೌಂಟಿ ಕೌನ್ಸಿಲ್‌ನ ಹೆಸರಿಗೆ ಬಂತು. ಹೊರೆ ಬೆಳೆದದ್ದು ಸ್ವಲ್ಪ, ಹೊರೆಯ ಹೆಸರು ಬದಲಾದದ್ದು ಪೂರ್ತಿ. ಆದರೂ ಕೌನ್ಸಿಲ್‌ನ ಖರ್ಚು ಒಮ್ಮೆಲೇ ನೆಗೆಯಿತೆಂಬ ಭಾವನೆ ಬೆಳೆಯಿತು.

ಮೂರನೆಯದು ಸಾಲದ ಪ್ರಶ್ನೆ. ಟ್ರಾಮ್ ಮಾರ್ಗಕ್ಕೆ ತೆಗೆದ ಸಾಲ ಟಿಕೆಟ್ ಹಣದಿಂದ ತೀರುತ್ತದೆ. ಉದ್ಯಾನಕ್ಕೆ ತೆಗೆದ ಸಾಲ ಕಂದಾಯದಿಂದಲೇ ತೀರಬೇಕು. ಎರಡನ್ನೂ ಕೂಡಿಸಿ ನಗರದ ಸಾಲ ಇಷ್ಟು ಕೋಟಿ ಎಂದರೆ ಕೇಳಿದವನಿಗೆ ಭಯವಾಗುತ್ತದೆ. ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ. ಟ್ರಾಮ್‌ಗಳ ಸವಕಳಿಗೆ ಎಷ್ಟು ಹಣ ತೆಗೆದಿಡಬೇಕು, ಉಳಿದದ್ದನ್ನು ಲಾಭ ಎನ್ನಬಹುದೇ ಎಂಬ ಚರ್ಚೆ ಲೆಕ್ಕಪರಿಶೋಧಕರ ಕೋಣೆಯಿಂದ ಪತ್ರಿಕೆಗಳಿಗೆ, ಪತ್ರಿಕೆಗಳಿಂದ ಬೀದಿಗೆ ಬಂತು.

ವಾದದ ಎರಡು ಪಕ್ಷ

ನಗರಸಭೆ ವ್ಯಾಪಾರ ನಡೆಸಬಹುದೇ ಎಂಬ ತಾತ್ವಿಕ ವಾದ ಚುನಾವಣೆಗೆ ಮೊದಲೇ ಹದಗೊಂಡಿತ್ತು. 1902ರಲ್ಲಿ ಟೈಮ್ಸ್ ಪತ್ರಿಕೆ ‘ನಗರಸಭೆಗಳ ಸಮಾಜವಾದ’ದ ವಿರುದ್ಧ ಲೇಖನಮಾಲೆ ಪ್ರಕಟಿಸಿತು. ಸೇಂಟ್ ಪ್ಯಾಂಕ್ರಾಸ್‌ನ ಸ್ಥಳೀಯ ಸಭೆಯಲ್ಲಿ 1897ರಿಂದ 1903ರವರೆಗೆ ಕೆಲಸ ಮಾಡಿದ ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ 1904ರಲ್ಲಿ ನಗರಸಭೆಯ ವ್ಯಾಪಾರವನ್ನು ಸಮರ್ಥಿಸಿ ಒಂದು ಪುಸ್ತಕ ಬರೆದರು. ಖಾಸಗಿ ಕಂಪನಿ ತನ್ನ ಲಾಭವನ್ನಷ್ಟೇ ಎಣಿಸುತ್ತದೆ. ಅದು ಉಳಿಸಿದ ಕೂಲಿಯಿಂದ ಹುಟ್ಟುವ ಬಡತನ, ರೋಗ, ಅಪರಾಧಗಳ ವೆಚ್ಚ ನಗರದ ತಲೆಗೆ ಬೀಳುತ್ತದೆ. ಆದ್ದರಿಂದ ನಗರಸಭೆಯ ಲಾಭನಷ್ಟವನ್ನು ಕಂಪನಿಯ ಲೆಕ್ಕದ ಪುಸ್ತಕದಿಂದ ಅಳೆಯಲಾಗದು ಎಂಬುದು ಅವರ ವಾದದ ತಿರುಳು. ಅದೇ ವರ್ಷ ಷಾ ಸ್ವತಃ ಕೌಂಟಿ ಕೌನ್ಸಿಲ್‌ಗೆ ಸ್ಪರ್ಧಿಸಿ ಸೋತರು.

ಎದುರು ಪಕ್ಷದಲ್ಲಿ ನಿಂತವರಲ್ಲಿ ಲಾರ್ಡ್ ಏವ್‌ಬರಿ ಗಣ್ಯರು. ಜಾನ್ ಲಬಕ್ ಎಂಬ ಹೆಸರಿನಲ್ಲಿ ಅವರು ಕೌನ್ಸಿಲ್‌ನ ಆರಂಭದ ವರ್ಷಗಳಲ್ಲಿ ಅದರ ಅಧ್ಯಕ್ಷರೇ ಆಗಿದ್ದರು. ಸಾರ್ವಜನಿಕ ಹಣದಿಂದ ವ್ಯಾಪಾರ ಮಾಡುವವನಿಗೆ ನಷ್ಟದ ಭಯವಿಲ್ಲ. ನಗರಸಭೆಯ ನೌಕರರೇ ಮತದಾರರೂ ಆದರೆ ಕೂಲಿಯ ಪ್ರಶ್ನೆ ಚುನಾವಣೆಯ ಪ್ರಶ್ನೆಯಾಗುತ್ತದೆ. ಸದಸ್ಯರ ಸಮಯವೆಲ್ಲ ವ್ಯಾಪಾರಕ್ಕೆ ಹೋದರೆ ನಗರದ ಮೂಲ ಕೆಲಸಗಳು ಹಿಂದೆ ಬೀಳುತ್ತವೆ ಎಂದು ಈ ಪಕ್ಷದವರು ಹೇಳಿದರು. ಈ ವಾದಗಳನ್ನು ಕೇವಲ ಸ್ವಾರ್ಥದ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಿದ್ಯುತ್ ಮತ್ತು ಸಾರಿಗೆ ಕಂಪನಿಗಳ ಹಿತಾಸಕ್ತಿ ಅವುಗಳ ಹಿಂದಿತ್ತು ಎಂಬುದು ನಿಜ. ಸಾರ್ವಜನಿಕ ಉದ್ಯಮ ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಪ್ರಶ್ನೆ ಸಾಚಾ ಎಂಬುದೂ ಅಷ್ಟೇ ನಿಜ.

ಪ್ರಚಾರ

ಕನ್ಸರ್ವೇಟಿವ್ ಒಲವಿನ ಸದಸ್ಯರು ಮೊದಲು ‘ಮಾಡರೇಟ್’ ಎಂದು ಕರೆದುಕೊಳ್ಳುತ್ತಿದ್ದರು. ಮಿತವಾದಿ ಎಂಬ ಆ ಹೆಸರು ಯಾರನ್ನೂ ಹುರಿದುಂಬಿಸುವಂಥದಲ್ಲ. 1894ರಲ್ಲಿ ಸ್ಥಾಪನೆಯಾದ ಲಂಡನ್ ಮುನಿಸಿಪಲ್ ಸೊಸೈಟಿಯ ಆಸರೆಯಲ್ಲಿ ಅವರು 1906ರಲ್ಲಿ ‘ಮುನಿಸಿಪಲ್ ರಿಫಾರ್ಮ್’ ಎಂಬ ಹೊಸ ಹೆಸರು ತಾಳಿದರು. ಸುಧಾರಣೆ ಎಂಬ ಪದವನ್ನೇ ಎದುರಾಳಿಗಳಿಂದ ಕಸಿದುಕೊಂಡಂತಾಯಿತು. 1906ರ ನವೆಂಬರ್‌ನಲ್ಲಿ 28 ಬರೋಗಳಿಗೆ ನಡೆದ ಚುನಾವಣೆಯಲ್ಲಿ ಬಹುಪಾಲು ಕಡೆ ಅವರೇ ಗೆದ್ದರು. ಮಾರ್ಚ್‌ನಲ್ಲಿ ಏನಾಗಲಿದೆ ಎಂಬುದರ ಮುನ್ಸೂಚನೆ ಅದು.

ಅರ್ಧ ಪೆನ್ನಿಗೆ ಸಿಗುತ್ತಿದ್ದ ಡೈಲಿ ಮೇಲ್, ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಗಳು ‘ದುಂದುವೆಚ್ಚ’ದ ವಿರುದ್ಧ ದಿನವೂ ಬರೆದವು. ಗೋಡೆಗೋಡೆಯ ಮೇಲೆ ಒಂದು ಭಿತ್ತಿಚಿತ್ರ ಕಾಣಿಸಿತು: ಕ್ರೂರ ಮುಖದ ಒಬ್ಬ ವ್ಯಕ್ತಿ ದಾರಿಹೋಕನತ್ತ ಬೆರಳು ತೋರಿ, ತಮಗೆ ಬೇಕಿರುವುದು ನಿಮ್ಮ ಹಣ ಎನ್ನುತ್ತಾನೆ. ಪ್ರೊಗ್ರೆಸ್ಸಿವ್‌ ಆಡಳಿತವನ್ನು ಹೀಗೆ ಒಂದು ಮುಖಕ್ಕೆ, ಒಂದು ವಾಕ್ಯಕ್ಕೆ ಇಳಿಸಿದ ಆ ಚಿತ್ರ ಬ್ರಿಟನ್ನಿನ ಚುನಾವಣಾ ಪ್ರಚಾರದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಪ್ರೊಗ್ರೆಸ್ಸಿವರ ಬಳಿ ಉತ್ತರವಿತ್ತು, ಆದರೆ ಅದು ಅಂಕಿಗಳಲ್ಲಿತ್ತು. ಕಂದಾಯದಲ್ಲಿ ತಮ್ಮ ಪಾಲು ಎಷ್ಟು, ಸಾಲದಲ್ಲಿ ತಾನೇ ಆದಾಯ ತರುವ ಸಾಲ ಎಷ್ಟು ಎಂದು ಅವರು ವಿವರಿಸಿದರು. ಗೋಡೆಯ ಚಿತ್ರಕ್ಕೆ ಕರಪತ್ರದ ಕೋಷ್ಟಕ ಎದುರಾಯಿತು.

ಪ್ರೊಗ್ರೆಸ್ಸಿವರ ಒಳಬಲವೂ ಕುಗ್ಗಿತ್ತು. ಜಾನ್ ಬರ್ನ್ಸ್ 1905ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವರಾಗಿದ್ದರು. ನಾಯಕ ಮ್ಯಾಕಿನನ್ ವುಡ್ 1906ರಲ್ಲಿ ಸಂಸತ್ತಿಗೆ ಹೋಗಿದ್ದರು. 1902ರ ಶಿಕ್ಷಣ ಕಾಯಿದೆ ಚರ್ಚ್ ಶಾಲೆಗಳಿಗೂ ಕಂದಾಯದ ಹಣ ಕೊಡುವಂತೆ ಮಾಡಿದಾಗ, ಆಂಗ್ಲಿಕನ್ ಚರ್ಚಿಗೆ ಸೇರದ ಪ್ರೊಟೆಸ್ಟೆಂಟರು ಅದನ್ನು ತೀವ್ರವಾಗಿ ವಿರೋಧಿಸಿದರು. ಪ್ರೊಗ್ರೆಸ್ಸಿವ್‌ ಪಕ್ಷದ ಬೆನ್ನೆಲುಬು ಅವರೇ. ಸಿಡ್ನಿ ವೆಬ್ ಮಾತ್ರ ಆ ಕಾಯಿದೆಯ ಪರ ನಿಂತಿದ್ದರು. ಈ ಬಿರುಕು ಮುಚ್ಚಲಿಲ್ಲ. ಇತ್ತ ಕಾರ್ಮಿಕ ಮತ್ತು ಸಮಾಜವಾದಿ ಸಂಘಟನೆಗಳು ಕೆಲವು ಕಡೆ ತಮ್ಮದೇ ಅಭ್ಯರ್ಥಿಗಳನ್ನು ನಿಲ್ಲಿಸತೊಡಗಿದ್ದವು.

ಮತದಾನ ಮತ್ತು ಅದರ ಅರ್ಥ

ಸುಮಾರು ಶೇ. 55ರಷ್ಟು ಮತದಾರರು ಮತ ಹಾಕಿದರು. ಸ್ಥಳೀಯ ಚುನಾವಣೆಗೆ ಲಂಡನ್ನಿನಲ್ಲಿ ಅದು ಬಹಳ ಹೆಚ್ಚು. ಹಿಂದಿನ ಚುನಾವಣೆಗಳಲ್ಲಿ ಮನೆಯಲ್ಲೇ ಉಳಿಯುತ್ತಿದ್ದವರು ಈ ಬಾರಿ ಹೊರಗೆ ಬಂದರು ಎಂಬುದು ಮುಖ್ಯ. ಹೊರವಲಯದ ಬಡಾವಣೆಗಳಲ್ಲಿ ಬಾಡಿಗೆ ಮನೆ ಹಿಡಿದ ಗುಮಾಸ್ತರು, ಸಣ್ಣ ಅಂಗಡಿಯವರು ಕಂದಾಯದ ಚೀಟಿಯನ್ನು ತಾವೇ ಕೈಯಲ್ಲಿ ಹಿಡಿದು ನೋಡುತ್ತಿದ್ದ ವರ್ಗ. ಬಡಕಾರ್ಮಿಕರ ಬಹಳಷ್ಟು ಮನೆಗಳಲ್ಲಿ ಕಂದಾಯ ವಾರದ ಬಾಡಿಗೆಯೊಳಗೇ ಸೇರಿರುತ್ತಿತ್ತು, ಕಟ್ಟುತ್ತಿದ್ದವನು ಮಾಲೀಕ. ಶ್ರೀಮಂತನಿಗೆ ಆ ಮೊತ್ತ ಹೊರೆಯಲ್ಲ. ನಡುವಿನವನಿಗೆ ಅದು ಮನೆಯ ಖರ್ಚಿನಲ್ಲಿ ಎದ್ದು ಕಾಣುವ ಮೊತ್ತ. ಅವನ ಮಕ್ಕಳು ಹೋಗುವ ಶಾಲೆ, ಅವನು ಹತ್ತುವ ಟ್ರಾಮ್, ಭಾನುವಾರ ಕುಟುಂಬದೊಡನೆ ಕೂರುವ ಉದ್ಯಾನ ಎಲ್ಲವೂ ಕೌನ್ಸಿಲ್ ಕೊಟ್ಟವೇ. ಆದರೆ ಸೌಕರ್ಯ ದಿನವೂ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ, ಹೀಗಾಗಿ ಅಭ್ಯಾಸವಾಗಿಬಿಡುತ್ತದೆ. ಕಂದಾಯ ಒಟ್ಟಿಗೆ ಬರುತ್ತದೆ, ಹೀಗಾಗಿ ಪ್ರತಿ ಸಲವೂ ನೋಯಿಸುತ್ತದೆ. ಸ್ಥಳೀಯ ಪ್ರಜಾಪ್ರಭುತ್ವದ ಕಷ್ಟವೆಲ್ಲ ಈ ಅಂತರದಲ್ಲಿದೆ.

ಗೆದ್ದವರು ಮುಂದೆ ಮಾಡಿದ್ದನ್ನು ನೋಡಿದರೆ ಜನಾದೇಶದ ಮಿತಿ ತಿಳಿಯುತ್ತದೆ. ಉಗಿದೋಣಿಗಳು ಅದೇ ವರ್ಷ ನಿಂತವು, ಬಳಿಕ ಮಾರಾಟವಾದವು. ಸ್ವಂತ ಕಾಮಗಾರಿ ಇಲಾಖೆಯನ್ನು ಮುಚ್ಚಲಾಯಿತು. ವಿದ್ಯುತ್ ಉತ್ಪಾದನೆಯನ್ನು ಕೌನ್ಸಿಲ್ ಕೈಗೆ ತೆಗೆದುಕೊಳ್ಳುವ ಪ್ರೊಗ್ರೆಸ್ಸಿವರ ಮಹಾಯೋಜನೆ ಮೂಲೆಗೆ ಸರಿಯಿತು. ಆದರೆ ಟ್ರಾಮ್‌ಗಳನ್ನು ಹೊಸ ಆಡಳಿತ ಖಾಸಗಿಯವರಿಗೆ ಮಾರಲಿಲ್ಲ. ವಿದ್ಯುತ್ ಮಾರ್ಗಗಳನ್ನು ವಿಸ್ತರಿಸುತ್ತಲೇ ಹೋಯಿತು. ಟೂಟಿಂಗ್, ನಾರ್ಬರಿ, ಟಾಟೆನ್‌ಹ್ಯಾಮ್‌ಗಳಲ್ಲಿ ಕೈಗೆತ್ತಿಕೊಂಡಿದ್ದ ವಸತಿ ಬಡಾವಣೆಗಳು ನಿಧಾನವಾಗಿಯಾದರೂ ಮುಂದುವರಿದವು. ಹಸಿದ ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡಲು ಸಂಸತ್ತು 1906ರಲ್ಲಿ ಅನುಮತಿ ಕೊಟ್ಟಿತ್ತು. ದಾನದ ಹಣದಿಂದಲೇ ಅದು ಆಗಲಿ ಎಂದು ಹೊಸ ಆಡಳಿತ ಮೊದಲು ಪಟ್ಟು ಹಿಡಿಯಿತು. ದಾನ ಸಾಲದೆ ಬಂದಾಗ ಕಂದಾಯದ ಹಣವನ್ನೇ ಬಳಸಿತು. ಮಿತವ್ಯಯದ ಭಾಷೆಯಲ್ಲಿ ಗೆದ್ದವರು ಅಧಿಕಾರಕ್ಕೆ ಬಂದ ಮೇಲೆ ನಗರದ ಅಗತ್ಯಗಳ ಮುಂದೆ ಬಾಗಬೇಕಾಯಿತು.

1910ರ ಚುನಾವಣೆ ಜನಾದೇಶದ ಈ ಮಿತಿಯನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಮುನಿಸಿಪಲ್ ರಿಫಾರ್ಮ್ ಪಕ್ಷ 60 ಸ್ಥಾನಕ್ಕೆ ಇಳಿಯಿತು. ಪ್ರೊಗ್ರೆಸ್ಸಿವರು 55ಕ್ಕೆ ಏರಿದರು. ಲೇಬರ್ ಪಕ್ಷಕ್ಕೆ 3 ಸ್ಥಾನ ದೊರೆತವು. ಆ ವರ್ಷ ಸೂಸನ್ ಲಾರೆನ್ಸ್ ಮತ್ತು ಹೆನ್ರಿಯೆಟಾ ಆಡ್ಲರ್ ಸದಸ್ಯೆಯರಾಗಿ ಸಭೆಯೊಳಗೆ ಬಂದರು. ಮುನಿಸಿಪಲ್ ರಿಫಾರ್ಮ್ ಪಕ್ಷದಿಂದ ಗೆದ್ದ ಸೂಸನ್ ಲಾರೆನ್ಸ್, ಶಾಲೆಗಳಲ್ಲಿ ಕಸಗುಡಿಸುವ ಹೆಂಗಸರ ಅಲ್ಪ ಕೂಲಿಯನ್ನು ಕಣ್ಣಾರೆ ಕಂಡು, ಕೆಲವೇ ವರ್ಷಗಳಲ್ಲಿ ಪಕ್ಷ ತೊರೆದು ಲೇಬರ್ ಪಕ್ಷ ಸೇರಿದರು.

ಈ ಚುನಾವಣೆಯಿಂದ ಮೂರು ತತ್ವಗಳು ಸಿದ್ಧಿಸುತ್ತವೆ. ಮೊದಲನೆಯದಾಗಿ, ನಗರಸಭೆಯ ಹೊಣೆ ಬೆಳೆದಂತೆ ಅದರ ಆದಾಯದ ಮೂಲವೂ ಬೆಳೆಯಬೇಕು. ಒಂದೇ ಮನೆ ಕಂದಾಯದ ಮೇಲೆ ಮಹಾನಗರದ ಎಲ್ಲ ಭಾರ ಹೊರಿಸಿದರೆ ಆ ಕಂದಾಯವೇ ಸುಧಾರಣೆಯ ಶತ್ರುವಾಗುತ್ತದೆ. ಎರಡನೆಯದಾಗಿ, ಕಂದಾಯದ ಚೀಟಿಯಲ್ಲಿ ಯಾವ ಸಂಸ್ಥೆಗೆ ಎಷ್ಟು, ಯಾವ ಕೆಲಸಕ್ಕೆ ಎಷ್ಟು ಎಂದು ಕಟ್ಟುವವನಿಗೆ ಕಾಣಬೇಕು. ಕಾಣದ ಲೆಕ್ಕ ಪ್ರಾಮಾಣಿಕವಾಗಿದ್ದರೂ ಅನುಮಾನ ಹುಟ್ಟಿಸುತ್ತದೆ. ಮೂರನೆಯದಾಗಿ, ಕಣ್ಣಿಗೆ ಬೀಳುವ ಒಂದು ಸಣ್ಣ ವೈಫಲ್ಯವನ್ನು ಬೇಗ ಒಪ್ಪಿಕೊಂಡು ತಿದ್ದಿಕೊಳ್ಳದ ಆಡಳಿತ, ಕಣ್ಣಿಗೆ ಬೀಳದ ತನ್ನ ದೊಡ್ಡ ಸಾಧನೆಗಳನ್ನೂ ಅದರೊಂದಿಗೆ ಪಣಕ್ಕಿಡುತ್ತದೆ. ಪ್ರೊಗ್ರೆಸ್ಸಿವರು ನಗರವನ್ನು ಪ್ರೀತಿಸಿದವರು. ಅವರು ಸೋತದ್ದು ನಗರಕ್ಕಾಗಿ ಹೆಚ್ಚು ಮಾಡಿದ್ದರಿಂದಲ್ಲ. ಮಾಡಿದ್ದರ ಲೆಕ್ಕವನ್ನು ನಾಗರಿಕನ ಭಾಷೆಯಲ್ಲಿ ಹೇಳಲಾಗದ್ದರಿಂದ.

ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿರುವ, ಕೌನ್ಸಿಲ್‌ನ ಆಡಳಿತ ಕೇಂದ್ರವಾಗಿದ್ದ ಕೌಂಟಿ ಹಾಲ್ ಕಟ್ಟಡ ಈ ಕಥೆಯ ಸಾಕ್ಷಿ. ಅದರ ನಿವೇಶನವನ್ನು ಆರಿಸಿದವರು ಪ್ರೊಗ್ರೆಸ್ಸಿವರು. ಅವರನ್ನು ಸೋಲಿಸಿದ ಮುನಿಸಿಪಲ್ ರಿಫಾರ್ಮ್ ಆಡಳಿತ 1912ರಲ್ಲಿ ಅಡಿಗಲ್ಲು ಹಾಕಿಸಿ 1922ರಲ್ಲಿ ಅದನ್ನು ತೆರೆಯಿಸಿತು. 1934ರಲ್ಲಿ ಹರ್ಬರ್ಟ್ ಮಾರಿಸನ್ ನಾಯಕತ್ವದ ಲೇಬರ್ ಪಕ್ಷ ಗೆದ್ದು, 27 ವರ್ಷಗಳ ಮುನಿಸಿಪಲ್ ರಿಫಾರ್ಮ್ ಆಡಳಿತವನ್ನು ಕೊನೆಗೊಳಿಸಿ, ಅದೇ ಸಭಾಂಗಣದಲ್ಲಿ ಆಡಳಿತದ ಪೀಠದಲ್ಲಿ ಕುಳಿತಿತು.